ಟ್ರಂಕಾ, ರೆಡಿಮೇಡ್ ಕಿಟ್ಟಾ, ಹೆಗಲ ಚೀಲವಾ? ಮಳೆಯಲ್ಲಿ ಹೊತ್ತು ನೋಡಿದ ಲೆಕ್ಕ

ಕಳೆದ ಜುಲೈನ ಒಂದು ಭಾನುವಾರ ನಾವು ಮನೆಯ ನಾಲ್ಕೂ ಜನ ತುರ್ತು ಸಾಮಾನು ಹೊತ್ತುಕೊಂಡು ಮೇಲಿನ ಟಾರ್ ರಸ್ತೆಯವರೆಗೆ ನಡೆದೆವು. ದೂರ ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಪೂರ್ತಿ ಏರು, ಕೆಮ್ಮಣ್ಣು, ಕಾಲಿಟ್ಟಲ್ಲೆಲ್ಲ ಜಾರಿಕೆ. ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ಬೇಕಂತಲೇ ಅಂಥ ದಿನವನ್ನು ಆರಿಸಿಕೊಂಡಿದ್ದೆವು. ನಿಜವಾಗಿ ಹೊರಡಬೇಕಾಗಿ ಬಂದಾಗ ಮಳೆ ಹೀಗೇ ಇರುತ್ತದೆ ಅಲ್ವಾ?

ನಮ್ಮ ಮನೆ ಮಡಿಕೇರಿ ತಾಲ್ಲೂಕಿನಲ್ಲಿದೆ. ಹಿಂದೆ ಗುಡ್ಡ, ಪಕ್ಕದಲ್ಲಿ ತೋಡು (ಸಣ್ಣ ಹಳ್ಳ), ಕೆಳಗೆ ಗದ್ದೆ. 2018ರ ಆಗಸ್ಟ್ ನಡುವೆ ಗುಡ್ಡಗಳು ಕುಸಿದ ಆ ಮೂರ್ನಾಲ್ಕು ದಿನ ಈ ಕಡೆಯವರು ಯಾರೂ ಮರೆಯುವುದಿಲ್ಲ. ಆಶ್ಲೇಷ ಮಳೆ ಮುಗಿದು ಮಘೆ ಹುಟ್ಟುವ ಹೊತ್ತು. ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಮೊಣ್ಣಂಗೇರಿ, ಜೋಡುಪಾಲ, ಒಂದಾದ ಮೇಲೆ ಒಂದು ಊರಿನ ಹೆಸರು ಕೇಳಿಬರುತ್ತಿತ್ತು. ನಮ್ಮ ಮನೆಗೆ ಏನೂ ಆಗಲಿಲ್ಲ. ಆದರೆ ಹಿಂದಿನ ಬರೆಯಲ್ಲಿ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಗೋಡೆಯಲ್ಲಿ, ಬಿರುಕು ಕಂಡಿತು, ರಾತ್ರಿ ಎಂಟು ಗಂಟೆಗೆ ಉಟ್ಟ ಬಟ್ಟೆಯಲ್ಲೇ ಹೊರಟೆವು. ನನ್ನ ಕೈಗೆ ಸಿಕ್ಕಿದ್ದು ಮಗನ ಸ್ವೆಟರ್ ಮತ್ತು ಒಂದು ಕೊಡೆ. ಅತ್ತೆಯ ಇನ್ಸುಲಿನ್ ಫ್ರಿಜ್ಜಿನಲ್ಲೇ ಉಳಿಯಿತು. ಪರಿಹಾರ ಕೇಂದ್ರದಲ್ಲಿ ಮಾರನೇ ದಿನ ಸಂಜೆ ಡಾಕ್ಟರ್ ಬರುವವರೆಗೆ ನಾನು ಅತ್ತೆಯ ಮುಖ ನೋಡುತ್ತಾ ಕೂತಿದ್ದೆ. ಆ ಒಂದು ದಿನದಿಂದಲೇ ಈ ಪ್ರಯೋಗ ಎಲ್ಲ ಶುರುವಾಗಿದ್ದು.

ಅಲ್ಲಿಂದ ಇಲ್ಲಿಯವರೆಗೆ ಮೂರು ತರದ ಕಿಟ್ ಮಾಡಿದ್ದೇವೆ. ಮೊದಲನೆಯದು ಮಾವನವರ ಕಾಲದ ತಗಡಿನ ಟ್ರಂಕ್. ಬೇಕಾಗಬಹುದು ಅಂತ ಅನ್ನಿಸಿದ್ದೆಲ್ಲ ಅದರಲ್ಲಿ ಹಾಕಿದೆವು: ಕಂಬಳಿ, ಬಟ್ಟೆ, ಪಾತ್ರೆ, ಅಕ್ಕಿ, ಕಾಗದ ಪತ್ರ. ಎರಡನೆಯದು ಆನ್‌ಲೈನ್‌ನಲ್ಲಿ ತರಿಸಿದ ರೆಡಿಮೇಡ್ ಕಿಟ್, 2,900 ರೂಪಾಯಿ. ಮೂರನೆಯದು ತಲೆಗೊಂದು ಹೆಗಲ ಚೀಲ, ಜೊತೆಗೆ ಮನೆಯಲ್ಲೇ ಇರುವ ಒಂದು ನೀಲಿ ಪ್ಲಾಸ್ಟಿಕ್ ಡ್ರಮ್. ಹೊತ್ತು ನಡೆಯುವುದು ಚೀಲ ಮಾತ್ರ. ದಾರಿ ಕಟ್ಟಾಗಿ, ಕರೆಂಟ್ ಹೋಗಿ ಮನೆಯಲ್ಲೇ ಕೂರಬೇಕಾದರೆ ಡ್ರಮ್ಮು.

ಎಲ್ಲವನ್ನೂ ಕಾಫಿ ಹಣ್ಣು ತೂಗುವ ಸ್ಪ್ರಿಂಗ್ ತಕ್ಕಡಿಗೆ ಹಾಕಿದೆವು. ಟ್ರಂಕ್ 26 ಕೆಜಿ. ರೆಡಿಮೇಡ್ ಕಿಟ್ 4 ಕೆಜಿ 200 ಗ್ರಾಂ. ಹೆಗಲ ಚೀಲಗಳು ನಮ್ಮವರದ್ದು 8, ನನ್ನದು 6, ಮಗನದ್ದು 3, ಅತ್ತೆಯದ್ದು 2 ಕೆಜಿ.

ಟ್ರಂಕನ್ನು ನಾನೂ ನಮ್ಮವರೂ ಎರಡು ಕಡೆ ಹಿಡಿದು ಹೊರಟೆವು. ಮೊದಲನೇ ತಿರುವಿನಲ್ಲೇ ಹಿಡಿ ಅಂಗೈ ಕೊರೆಯಲು ಶುರು ಮಾಡಿತು. ಏರಿನಲ್ಲಿ ಭಾರವೆಲ್ಲ ಹಿಂದೆ ಇರುವವರ ಮೇಲೆ ಬೀಳುತ್ತದೆ. ನಾಲ್ಕು ಹೆಜ್ಜೆ, ಇಳಿಸು, ಕೈ ಬದಲಾಯಿಸು, ಮತ್ತೆ ನಾಲ್ಕು ಹೆಜ್ಜೆ. ಹಲಸಿನ ಮರದ ಹತ್ತಿರ ಒಂದು ಕಡೆ ನೀರು ದಾರಿ ಕೊರೆದಿದೆ, ಅಲ್ಲಿ ಅತ್ತೆ ನಿಂತುಬಿಟ್ಟರು. ಅವರಿಗೆ ಎಪ್ಪತ್ತನಾಲ್ಕು. ಕೋಲು ಊರಿಕೊಂಡು ನಮ್ಮ ಕಡೆ ನೋಡಿ, "ನನ್ನ ಹಿಡ್ಕೊಳ್ಳೋಕೆ ಒಬ್ಬರ ಕೈಯೂ ಖಾಲಿ ಇಲ್ವಲ್ಲ ಮಗಾ" ಅಂದರು.

ನಾನು ಅಲ್ಲೇ ಟ್ರಂಕ್ ಇಳಿಸಿದೆ. ಅಷ್ಟು ವರ್ಷ ಏನೇನು ತುಂಬಬೇಕು ಅಂತಲೇ ಯೋಚನೆ ಮಾಡಿದ್ದೆ. ಅದನ್ನು ಹೊತ್ತಾಗ ಯಾರ ಕೈ ಖಾಲಿ ಇರುತ್ತದೆ ಅಂತ ಒಂದು ಸಲವೂ ಯೋಚಿಸಿರಲಿಲ್ಲ. ಅವತ್ತಿನಿಂದ ಪ್ರತಿ ವಸ್ತುವಿಗೂ ಇದೇ ಪರೀಕ್ಷೆ. ಇದನ್ನು ಕತ್ತಲಲ್ಲಿ, ಒದ್ದೆ ಕೈಯಲ್ಲಿ, ಅತ್ತೆ ಒಬ್ಬರೇ ಬಳಸಬಹುದಾ? ಇದನ್ನು ಹೊತ್ತವರಿಗೆ ಇನ್ನೊಬ್ಬರ ಕೈ ಹಿಡಿಯಲು ಆಗುತ್ತದಾ?

ಟ್ರಂಕ್ ಜೊತೆ ರಸ್ತೆ ಸೇರಲು 41 ನಿಮಿಷ ಬೇಕಾಯಿತು. ಮಧ್ಯಾಹ್ನ ಹೆಗಲ ಚೀಲ ಹಾಕಿಕೊಂಡು ಮತ್ತೆ ನಡೆದಾಗ 24 ನಿಮಿಷ. ಅದರಲ್ಲೂ ಅತ್ತೆಯ ತೋಳು ನನ್ನ ತೋಳಿನಲ್ಲೇ ಇತ್ತು. ಹಾಗಂತ ಟ್ರಂಕನ್ನು ಎಲ್ಲರಿಗೂ ಬೇಡ ಅನ್ನುವುದಿಲ್ಲ. ಕೃಷ್ಣಾ ತೀರದ ಚಿಕ್ಕೋಡಿ, ಅಥಣಿ ಕಡೆ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟ ಸುದ್ದಿ ಮುಂಚೆಯೇ ಬರುತ್ತದೆ, ಟ್ರ್ಯಾಕ್ಟರ್ ಮನೆ ಬಾಗಿಲಿಗೆ ಬರುತ್ತದೆ. ಅಲ್ಲಿ ಟ್ರಂಕ್ ಒಳ್ಳೆಯದೇ. ಬರೆ ಜರಿಯುವ ಜಾಗದಲ್ಲಿ ಅಷ್ಟು ಹೊತ್ತು ಸಿಗುವುದಿಲ್ಲ.

ರೆಡಿಮೇಡ್ ಕಿಟ್ ಹೊರುವುದು ಸುಲಭ. ಅದರ ಸಮಸ್ಯೆ ಬೇರೆ. ಜಗಲಿ ಮೇಲೆ ಬಿಚ್ಚಿ ಸುರಿದರೆ ಚೀಲದ ತಳದಲ್ಲಿ ನೀರು ನಿಂತಿತ್ತು. ಚೀಲದ ಬಟ್ಟೆಯಿಂದ ನೀರು ಇಳಿದಿರಲಿಲ್ಲ, ಜಿಪ್ಪಿನಿಂದ ಒಳಗೆ ಬಂದಿತ್ತು. ಒಳಗೆ ಇದ್ದ ಸಾಮಾನಿನಲ್ಲಿ ಅರ್ಧಕ್ಕರ್ಧ ನಮಗೆ ಉಪಯೋಗ ಇಲ್ಲ. ಸೂಚನೆ ಎಲ್ಲ ಇಂಗ್ಲಿಷಿನಲ್ಲಿ, ಅದೂ ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರ. ಅತ್ತೆ ಒಂದು ಪೊಟ್ಟಣ ಎತ್ತಿ, "ಇದು ತಿನ್ನೋದಾ, ಹಚ್ಚೋದಾ?" ಅಂತ ಕೇಳಿದರು. ಅದರಲ್ಲಿದ್ದ ಎರಡು ವಸ್ತು ಮಾತ್ರ ನಿಜವಾಗಿ ಚೆನ್ನಾಗಿದ್ದವು. ಒಂದು ವಿಶಲ್. ಇನ್ನೊಂದು ಬೆಳ್ಳಿ ಬಣ್ಣದ ತೆಳ್ಳನೆ ಹಾಳೆಯ ಹೊದಿಕೆ. ಮಡಚಿದರೆ ಅಂಗೈಯಷ್ಟು. ಒದ್ದೆಯಾಗಿ ನಡುಗುತ್ತಿದ್ದ ಮಗನಿಗೆ ಒಣ ಬಟ್ಟೆ ಹಾಕಿ ಮೇಲೆ ಅದನ್ನು ಸುತ್ತಿದೆ. ಹತ್ತು ನಿಮಿಷದಲ್ಲಿ ಬೆಚ್ಚಗಾದ. ಕಂಬಳಿ ಒದ್ದೆಯಾದರೆ ಕಲ್ಲಿನ ಭಾರ, ಒಣಗಲು ವಾರ ಬೇಕು. ಆದ್ದರಿಂದ ಚೀಲಕ್ಕೆ ಬೆಳ್ಳಿ ಹಾಳೆ, ಡ್ರಮ್ಮಿಗೆ ಕಂಬಳಿ ಅಂತ ತೀರ್ಮಾನ ಮಾಡಿದೆವು.

ಯಾವ ಚೀಲ ಒಳ್ಳೆಯದು ಅನ್ನುವುದಕ್ಕೂ ಹೋಲಿಸಿ ನೋಡಿದ್ದಾಯಿತು. ಬಾಯಿ ಸುತ್ತಿ ಮಡಚುವ ಡ್ರೈ ಬ್ಯಾಗ್ ಒಂದು ತಂದೆವು, 650 ರೂಪಾಯಿ. ಒಂದು ಹನಿ ನೀರೂ ಒಳಗೆ ಹೋಗಲಿಲ್ಲ. ಆದರೆ ಅದು ಒಂದೇ ಕೊಳವೆ. ತಳದಲ್ಲಿರುವ ಮಾತ್ರೆ ಬೇಕೆಂದರೆ ಎಲ್ಲ ಹೊರಗೆ ಸುರಿಯಬೇಕು, ಮಳೆಯಲ್ಲಿ ಅದು ಆಗದ ಕೆಲಸ. ಮಗನ ಹಳೇ ಸ್ಕೂಲ್ ಬ್ಯಾಗಿನೊಳಗೆ ದಪ್ಪನೆಯ ಕಪ್ಪು ಕಸದ ಕವರ್ ಎರಡು ಪದರ ಹಾಕಿ, ಬಾಯಿ ತಿರುಚಿ ಮಡಚಿ ರಬ್ಬರ್ ಬ್ಯಾಂಡ್ ಹಾಕಿದ್ದೂ ಅಷ್ಟೇ ಒಣಗಿತ್ತು. ಖರ್ಚು ಇಪ್ಪತ್ತು ರೂಪಾಯಿ. ಒಳಗೆ ಬಟ್ಟೆಯ ಸಣ್ಣ ಸಣ್ಣ ಸಂಚಿ ಮಾಡಿದ್ದೇನೆ. ಔಷಧಿಗೆ ಕೆಂಪು, ದೀಪಕ್ಕೆ ಹಳದಿ, ಒಳಉಡುಪು, ಪ್ಯಾಡ್, ಕಾಲುಚೀಲಕ್ಕೆ ಹಸಿರು. ಬಣ್ಣ ಕತ್ತಲಲ್ಲಿ ಕಾಣುವುದಿಲ್ಲ ಅಂತ ಅತ್ತೆಯೇ ಹೇಳಿದ ಮೇಲೆ ಕೆಂಪು ಸಂಚಿಯ ದಾರಕ್ಕೆ ಒಂದು ದೊಡ್ಡ ಗುಂಡಿ ಹೊಲಿದೆ. ಈಗ ಕಣ್ಣು ಮುಚ್ಚಿ ಮುಟ್ಟಿದರೂ ಗೊತ್ತಾಗುತ್ತದೆ.

ಮೈ ಮೇಲೆ ಹಾಕುವುದಕ್ಕೆ ಕೊಡೆಗೆ ಒಂದು ಕೈ ಹೋಗುತ್ತದೆ, ಗಾಳಿಗೆ ಮಗುಚುತ್ತದೆ, ಅದು ಪಟ್ಟಿಯಿಂದಲೇ ಹೊರಗೆ. ರೇನ್‌ಕೋಟ್ ಮಗನಿಗೆ ಸರಿ. ದೊಡ್ಡವರಿಗೆ ನಮ್ಮ ತೋಟದ ಕೆಲಸದವರು ಹಾಕಿಕೊಳ್ಳುವ ಪ್ಲಾಸ್ಟಿಕ್ ಕೊಪ್ಪೆಯೇ ಒಳ್ಳೆಯದು. ತಲೆ, ಬೆನ್ನು, ಬೆನ್ನ ಮೇಲಿನ ಚೀಲ ಮೂರನ್ನೂ ಒಟ್ಟಿಗೆ ಮುಚ್ಚುತ್ತದೆ.

ಇನ್ನು ದೀಪ. ಆ ನಡಿಗೆಯ ವಾರವೇ ಮರ ಬಿದ್ದು ನಾಲ್ಕು ದಿನ ಕರೆಂಟ್ ಇರಲಿಲ್ಲ. ಹಾಗಾಗಿ ಪರೀಕ್ಷೆ ನಿಜವಾದ ಕತ್ತಲಲ್ಲೇ ಆಯಿತು.

ಮನೆಯಲ್ಲಿ ನಾಲ್ಕು ತರದ್ದಿತ್ತು. ಗೋಡೆಗೆ ನೇತುಹಾಕುವ ರೀಚಾರ್ಜ್ ಎಮರ್ಜೆನ್ಸಿ ಲೈಟ್, ಸೆಲ್ ಹಾಕುವ ಉದ್ದ ಟಾರ್ಚ್, ರೆಡಿಮೇಡ್ ಕಿಟ್ಟಿನಲ್ಲಿ ಬಂದ ಕೈಯಲ್ಲಿ ತಿರುಗಿಸುವ ಟಾರ್ಚ್, ಮತ್ತು ಹಣೆಗೆ ಕಟ್ಟುವ ಹೆಡ್‌ಲ್ಯಾಂಪ್. ಮೇಣದಬತ್ತಿಯೂ ಇತ್ತು, ಆದರೆ ಅದನ್ನು ಹಿಡಿದು ಹೊರಗೆ ನಡೆಯಲು ಆಗುತ್ತದಾ? ಮನೆಯೊಳಗೂ ಗ್ಯಾಸ್ ಸೋರುವ ಭಯ ಇದ್ದಾಗ ಬೆಂಕಿ ಬೇಡವೇ ಬೇಡ.

ಎಮರ್ಜೆನ್ಸಿ ಲೈಟ್ ಮೊದಲ ಸಂಜೆಯೇ ಕೈ ಕೊಟ್ಟಿತು. ಬೆಳಕು ಜೋರಾಗಿ ಬಂದು ನಲವತ್ತು ನಿಮಿಷಕ್ಕೆ ಆರಿತು. ಅದರೊಳಗೆ ಇದ್ದದ್ದು ಲೆಡ್ ಆಸಿಡ್ ಬ್ಯಾಟರಿ. ಅದನ್ನು ಖಾಲಿಯಾಗಿ ತಿಂಗಳುಗಟ್ಟಲೆ ಬಿಟ್ಟರೆ ಒಳಗೆ ಹಾಳಾಗುತ್ತದೆ, ಆಮೇಲೆ ಎಷ್ಟು ಹೊತ್ತು ಚಾರ್ಜಿಗೆ ಹಾಕಿದರೂ ತಡೆಯುವುದಿಲ್ಲ. ನಾವು ಫೆಬ್ರವರಿಯಿಂದ ಮುಟ್ಟಿರಲಿಲ್ಲ. ಸದಾ ಚಾರ್ಜಿನಲ್ಲಿ ಇಡುವವರಿಗೆ ಸರಿ, ಕಪಾಟಿನಲ್ಲಿ ಎತ್ತಿಡುವ ಕಿಟ್ಟಿಗೆ ಸರಿಯಲ್ಲ.

ಕೈಯಲ್ಲಿ ತಿರುಗಿಸುವ ಟಾರ್ಚ್ ಬಗ್ಗೆ ನನಗೆ ತುಂಬ ಆಸೆ ಇತ್ತು. ಸೆಲ್ಲೂ ಬೇಡ, ಕರೆಂಟೂ ಬೇಡ. ಒಂದು ನಿಮಿಷ ಗರಗರ ತಿರುಗಿಸಿದರೆ ನಾಲ್ಕೈದು ನಿಮಿಷ ಮಸುಕು ಬೆಳಕು. ಅತ್ತೆಯ ಗಂಟು ನೋವಿನ ಬೆರಳಿಗೆ ಅದು ಸಾಧ್ಯವೇ ಇರಲಿಲ್ಲ. ಎಲ್ಲ ಮುಗಿದ ಮೇಲೆ ಕೊನೆಗೊಂದು ಇರಲಿ ಅಂತ ಡ್ರಮ್ಮಿಗೆ ಹಾಕಿದೆ.

ಉದ್ದ ಟಾರ್ಚಿನ ಬೆಳಕಿಗೆ ಸಾಟಿ ಇಲ್ಲ. ತೋಡಿನ ಆಚೆ ದಡದವರೆಗೆ ಹೋಗುತ್ತದೆ. ನೀರು ಎಷ್ಟು ಏರಿದೆ, ಬರೆ ಹೇಗಿದೆ ಅಂತ ದೂರದಿಂದ ನೋಡಲು ಅದೇ ಬೇಕು. ಒಂದು ವಿಷಯ ನೆನಪಿಡಿ, ಸೆಲ್ ಒಳಗೆ ಹಾಕಿಟ್ಟು ಮರೆಯಬೇಡಿ. ನಮ್ಮ ಹಳೇ ಟಾರ್ಚಿನಲ್ಲಿ ಸೆಲ್ ಸೋರಿ ಸ್ಪ್ರಿಂಗು ತುಕ್ಕು ಹಿಡಿದು, ಮುಚ್ಚಳವೇ ತಿರುಗದ ಹಾಗೆ ಕಚ್ಚಿಕೊಂಡಿತ್ತು. ಈಗ ಸೆಲ್‌ಗಳನ್ನು ಬೇರೆ ಕವರಿನಲ್ಲಿ ಕಟ್ಟಿ ಟಾರ್ಚಿಗೇ ರಬ್ಬರ್ ಬ್ಯಾಂಡ್ ಹಾಕಿ ಸೇರಿಸಿದ್ದೇವೆ.

ಗೆದ್ದದ್ದು ಹೆಡ್‌ಲ್ಯಾಂಪ್. 450 ರೂಪಾಯಿಯದು, ಮೂರು ಸಣ್ಣ ಸೆಲ್. ಕಡಿಮೆ ಬೆಳಕಿಗೆ ಇಟ್ಟು ಅಡುಗೆ, ಕೊಟ್ಟಿಗೆ, ಬಚ್ಚಲು ಎಲ್ಲ ಸೇರಿ ನಾಲ್ಕು ರಾತ್ರಿ ಒಂದೇ ಜೊತೆ ಸೆಲ್ಲಿನಲ್ಲಿ ಕಳೆದೆವು. ಮೂರನೇ ರಾತ್ರಿ ನಮ್ಮವರು ಮಳೆಯಲ್ಲಿ ಮನೆ ಹಿಂದಿನ ಚರಂಡಿ ಬಿಡಿಸಲು ಹೋದರು. ಎರಡು ಕೈಯಲ್ಲೂ ಗುದ್ದಲಿ, ಬೆಳಕು ಹಣೆಯಲ್ಲಿ. ಕಿಟಕಿಯಿಂದ ನೋಡುತ್ತಿದ್ದ ನನಗೆ ಆ ಬೆಳಕು ಅಲ್ಲಾಡುವುದೇ ಒಂದು ಧೈರ್ಯ. ಈಗ ಮೂರು ಹೆಡ್‌ಲ್ಯಾಂಪ್ ಇವೆ. ಅತ್ತೆಗೆ ಹಣೆಗೆ ಕಟ್ಟಿದರೆ ಹಿಂಸೆ, ಅದಕ್ಕೆ ಅವರದ್ದಕ್ಕೆ ದಾರ ಹಾಕಿ ಕೊರಳಿಗೆ ಇಳಿಬಿಟ್ಟಿದ್ದೇವೆ.

ನೀರಿನ ವಿಷಯದಲ್ಲಿ ಲೆಕ್ಕ ಹಾಕಿದಾಗಲೇ ಅರ್ಧ ಗೊಂದಲ ಕಡಿಮೆಯಾಯಿತು. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ ಮೂರು ಲೀಟರ್ ಅಂದುಕೊಂಡರೂ ನಾಲ್ಕು ಜನಕ್ಕೆ ಮೂರು ದಿನಕ್ಕೆ 36 ಲೀಟರ್. ಅಂದರೆ 36 ಕೆಜಿ. ಯಾರು ಹೊರುತ್ತಾರೆ? ಆದ್ದರಿಂದ ಎರಡು 20 ಲೀಟರ್ ಕ್ಯಾನ್ ಮನೆಯಲ್ಲಿ, ಚೀಲದಲ್ಲಿ ದೊಡ್ಡವರು ಮೂವರಿಗೆ ಒಂದೊಂದು ಲೀಟರ್ ಬಾಟಲಿ, ಜೊತೆಗೆ ಕ್ಲೋರಿನ್ ಮಾತ್ರೆ.

ಮಳೆಗಾಲದಲ್ಲಿ ನಮ್ಮ ಬಾವಿ ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ. ಮೂರು ತರ ಮಾಡಿ ನೋಡಿದೆ. ಕುದಿಸುವುದು ಎಲ್ಲಕ್ಕಿಂತ ನಂಬಿಕೆಯದು. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು, ಮಡಿಕೇರಿಯ ಎತ್ತರಕ್ಕೂ ಅದೇ ಲೆಕ್ಕ. ಆದರೆ ಗ್ಯಾಸ್ ಬೇಕು, ಇಲ್ಲವೇ ಒಣ ಸೌದೆ. ಪರಿಹಾರ ಕೇಂದ್ರದ ಜಗಲಿಯಲ್ಲಿ ಎರಡೂ ಇರುವುದಿಲ್ಲ. ಕ್ಲೋರಿನ್ ಮಾತ್ರೆ ಹಗುರ, ಅಗ್ಗ. ನನ್ನ ಹತ್ತಿರ ಇರುವುದು 20 ಲೀಟರಿಗೆ ಒಂದು ಮಾತ್ರೆಯದು, ಅರ್ಧ ಗಂಟೆ ಬಿಡಬೇಕು. ಬೇರೆ ಬೇರೆ ಅಳತೆಯ ಮಾತ್ರೆ ಬರುತ್ತವೆ, ಪೊಟ್ಟಣದ ಮೇಲಿನ ಲೆಕ್ಕವನ್ನೇ ಅನುಸರಿಸಿ. ಕದಡಿದ ನೀರಿಗೆ ನೇರವಾಗಿ ಹಾಕಿದರೆ ಅದರ ಶಕ್ತಿ ಮಣ್ಣಿಗೇ ಮುಗಿದುಹೋಗುತ್ತದೆ. ಮೊದಲು ಕೊಡದಲ್ಲಿ ಇಟ್ಟು ಕೆಸರು ತಳ ಸೇರಲು ಬಿಟ್ಟು, ನಾಲ್ಕು ಮಡಿಕೆ ಹತ್ತಿ ಬಟ್ಟೆಯಲ್ಲಿ ಸೋಸಿ, ಆಮೇಲೆ ಮಾತ್ರೆ. ಸ್ಫಟಿಕ (ಆಲಂ) ತೇಯ್ದು ಹಾಕಿದರೆ ನೀರು ಬೇಗ ತಿಳಿಯಾಗುತ್ತದೆ ನಿಜ. ಆದರೆ ಅದರಿಂದ ರೋಗಾಣು ಸಾಯುವುದಿಲ್ಲ. ತಿಳಿ ನೀರು ಅಂತ ಹಾಗೇ ಕುಡಿಯಬೇಡಿ.

ತಿನ್ನುವುದಕ್ಕೆ ಜಾಸ್ತಿ ಹೇಳಬೇಕಾಗಿಲ್ಲ. ನೂಡಲ್ಸ್‌ಗೆ ಒಲೆ ಬೇಕು, ನೀರು ಬೇಕು, ಪಾತ್ರೆ ಬೇಕು. ಪುರಿ ಚೀಲ ತುಂಬುತ್ತದೆ, ಹೊಟ್ಟೆ ತುಂಬುವುದಿಲ್ಲ. ಕಡಲೆ ಮಿಠಾಯಿ ನಮ್ಮ ಮಳೆಗಾಲದ ತೇವಕ್ಕೆ ಅಂಟಂಟಾಗಿ ಕಾಗದಕ್ಕೇ ಹತ್ತಿಕೊಂಡಿತ್ತು. ತೆಳು ಅವಲಕ್ಕಿ ಚೆನ್ನ, ಒಂದು ಲೋಟ ನೀರು ಚಿಮುಕಿಸಿ ಉಪ್ಪು, ಚಟ್ನಿಪುಡಿ ಕಲಸಿದರೆ ಊಟವೇ ಆಯಿತು. ಅದಕ್ಕಿಂತ ನಮ್ಮ ಮನೆಗೆ ಹೊಂದಿದ್ದು ರಾಗಿ ಹುರಿಹಿಟ್ಟು. ಲೋಟಕ್ಕೆ ಎರಡು ಚಮಚ ಹಾಕಿ ತಣ್ಣೀರಿನಲ್ಲಿ ಕದಡಿದರೆ ಸಾಕು. ಮಗನಿಗೆ ಬೆಲ್ಲ ಹಾಕಿ, ಅತ್ತೆಗೆ ಉಪ್ಪು ಹಾಕಿ. ಅಗಿಯುವ ಕಷ್ಟವೂ ಇಲ್ಲ. ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಎರಡು ತಿಂಗಳು ಘಮ ಹೋಗಿರಲಿಲ್ಲ.

ಔಷಧಿಯಲ್ಲಿ ದೊಡ್ಡ ಚಿಂತೆ ಇನ್ಸುಲಿನ್. ಮೂರು ಉಪಾಯ ನೋಡಿದೆವು. ಫ್ಲಾಸ್ಕಿನಲ್ಲಿ ಐಸ್ ಪ್ಯಾಕ್, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಕುಡಿಕೆ, ಏನೂ ಇಲ್ಲದ ಸಾದಾ ಪ್ಲಾಸ್ಟಿಕ್ ಡಬ್ಬಿ. ಐಸ್ ಪ್ಯಾಕ್ ಅಪಾಯ ಅಂತ ಡಾಕ್ಟರೇ ಹೇಳಿದರು. ಇನ್ಸುಲಿನ್ ಒಂದು ಸಲ ಹೆಪ್ಪುಗಟ್ಟಿದರೆ ಕೆಟ್ಟ ಹಾಗೆಯೇ, ಕರಗಿದ ಮೇಲೂ ಬಳಸಬಾರದು. ಬಳಕೆಯಲ್ಲಿರುವ ಬಾಟಲಿ ಹೆಚ್ಚಿನ ಇನ್ಸುಲಿನ್‌ಗಳಲ್ಲಿ ತಂಪಾದ ಕೋಣೆಯಲ್ಲಿ ಸುಮಾರು 28 ದಿನ ಇರುತ್ತದೆ. ನಿಮ್ಮ ಬಾಟಲಿಯ ಚೀಟಿ ಓದಿ ಖಚಿತ ಮಾಡಿಕೊಳ್ಳಿ. ನಮ್ಮ ಮನೆಯೊಳಗೆ ಜುಲೈನಲ್ಲಿ ಥರ್ಮಾಮೀಟರ್ ಇಪ್ಪತ್ತೊಂದು ಡಿಗ್ರಿ ದಾಟಲಿಲ್ಲ. ಹಾಗಾಗಿ ಮಳೆಗಾಲಕ್ಕೆ ಸಾದಾ ಡಬ್ಬಿ ಸಾಕು. ಕುಡಿಕೆ ಏಪ್ರಿಲ್, ಮೇ ತಿಂಗಳಿಗೆ, ಅಥವಾ ಬಯಲುಸೀಮೆಯವರಿಗೆ. ಅಷ್ಟು ವರ್ಷ ಫ್ರಿಜ್ ಬಿಟ್ಟರೆ ಗತಿಯಿಲ್ಲ ಅಂದುಕೊಂಡಿದ್ದೆ, ಇದು ಗೊತ್ತಾದ ದಿನ ಎದೆ ಮೇಲಿನ ಕಲ್ಲು ಇಳಿದ ಹಾಗಾಯಿತು.

ಅದೇ ಡಬ್ಬಿಯಲ್ಲಿ ಸಕ್ಕರೆ ಪೊಟ್ಟಣವೂ ಇರಬೇಕು. ಇನ್ಸುಲಿನ್ ತೆಗೆದುಕೊಂಡು ಊಟ ತಡವಾದರೆ ಶುಗರ್ ಇಳಿಯುತ್ತದೆ. ಕೈ ನಡುಕ, ಬೆವರು, ತಲೆ ಸುತ್ತು ಕಂಡರೆ ಮೂರು ಚಹಾ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಫೋನ್ ಮಾಡಬೇಕು. ಒಂದು ವಾರದ ಮಾತ್ರೆ, ಡಾಕ್ಟರ್ ಚೀಟಿಯ ಜೆರಾಕ್ಸ್, ಓಆರ್‌ಎಸ್, ಬ್ಯಾಂಡೇಜ್ ಬಟ್ಟೆ, ಜಿಗಣೆಗೆ ಉಪ್ಪಿನ ಪೊಟ್ಟಣ ಕೆಂಪು ಸಂಚಿಯಲ್ಲಿವೆ. ಓಆರ್‌ಎಸ್ ಮುಗಿದರೆ ಒಂದು ಲೀಟರ್ ಕುಡಿಯುವ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು.

ಕಾಗದ ಪತ್ರಕ್ಕೆ ಬಕೆಟ್ ಪರೀಕ್ಷೆ ಮಾಡಿದೆವು. ಇದು ಮಗನ ಯೋಚನೆ. ಪತ್ರಿಕೆಯ ತುಂಡಿನ ಮೇಲೆ ಇಂಕ್ ಪೆನ್ನಿನಲ್ಲಿ ಅವನ ಹೆಸರು ಬರೆದು, ಐದು ತರ ಕಟ್ಟಿ, ರಾತ್ರಿಯಿಡೀ ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರಿದ. ಬೆಳಿಗ್ಗೆ ಒಂದೊಂದೇ ಬಿಚ್ಚಿ ಜಗಲಿಯಲ್ಲಿ ಸಾಲಾಗಿ ಇಟ್ಟ. ಸ್ಟೀಲ್ ಡಬ್ಬಿಯೊಳಗೆ ಅರ್ಧ ನೀರು, ಹೆಸರು ನೀಲಿ ಮೋಡವಾಗಿತ್ತು. ಗುಂಡಿ ಇರುವ ಪ್ಲಾಸ್ಟಿಕ್ ಫೈಲ್ ಪೂರ್ತಿ ಒದ್ದೆ. ಲ್ಯಾಮಿನೇಷನ್ ಮಾಡಿದ್ದರ ಒಂದು ಮೂಲೆ ಬಿಟ್ಟುಕೊಂಡು ಅಲ್ಲಿಂದ ನೀರು ಒಳಗೆ ಹರಡಿತ್ತು. ಒಂದೇ ಜಿಪ್ ಕವರಿನಲ್ಲಿ ಇಟ್ಟದ್ದು, ಜಿಪ್ ಕೊನೆಗೊಳ್ಳುವ ತುದಿಯಲ್ಲಿ ಎರಡು ಬೆರಳಷ್ಟು ಮಾತ್ರ ಒದ್ದೆ. ಒಂದು ಜಿಪ್ ಕವರನ್ನು ಇನ್ನೊಂದು ಜಿಪ್ ಕವರಿನೊಳಗೆ ತಲೆಕೆಳಗಾಗಿ ಇಟ್ಟು, ಗಾಳಿ ಪೂರ್ತಿ ಒತ್ತಿ ತೆಗೆದದ್ದು ಗರಿಗರಿ ಒಣ. ಹೆಸರು ಬರೆದ ಹಾಗೇ ಇತ್ತು. ಮಗ ಅದನ್ನು ಗೋಡೆಗೆ ಅಂಟಿಸಿಕೊಂಡಿದ್ದಾನೆ.

ಡಿಜಿಲಾಕರ್ ಕೂಡ ಇಟ್ಟುಕೊಂಡಿದ್ದೇವೆ. ಆಧಾರ್, ಲೈಸೆನ್ಸ್ ಅದರಲ್ಲಿವೆ, ಕಾಗದ ಹೋದರೂ ಅವು ಹೋಗುವುದಿಲ್ಲ. ಪಹಣಿಯನ್ನು ಭೂಮಿ ವ್ಯವಸ್ಥೆಯಿಂದ ಮತ್ತೆ ತೆಗೆಸಬಹುದು. ಆದರೆ ನೆಟ್‌ವರ್ಕ್ ಇಲ್ಲದ ದಿನ ಫೋನಿನಲ್ಲಿ ತೆರೆದು ತೋರಿಸಲು ಆಗುವುದಿಲ್ಲ, ಮತ್ತು ಅಜ್ಜನ ಕಾಲದ ಕೈಬರಹದ ಕಾಗದ, ಮದುವೆಯ ಒಂದು ಫೋಟೋ ಯಾವ ವ್ಯವಸ್ಥೆಯಲ್ಲೂ ಇಲ್ಲ. ಚೀಲಕ್ಕೆ ಮೊದಲು ಹೋಗಬೇಕಾದದ್ದು ಅವು. ಮೂಲ ಪತ್ರಗಳಿಗೆ ಲ್ಯಾಮಿನೇಷನ್ ಮಾಡಿಸಲೇಬೇಡಿ. ನೀರು ಹೊಕ್ಕರೆ ಒಣಗಿಸಲೂ ಆಗುವುದಿಲ್ಲ, ಬಿಡಿಸಲೂ ಆಗುವುದಿಲ್ಲ.

ಫೋನು, ರೇಡಿಯೋ ಎರಡರಲ್ಲಿ ಯಾವುದು? ಕರೆಂಟ್ ಇಲ್ಲದ ಆ ನಾಲ್ಕು ದಿನಗಳಲ್ಲಿ ಎರಡನೇ ದಿನ ಮಧ್ಯಾಹ್ನಕ್ಕೇ ಟವರ್ ನಿಂತಿತು. ಪವರ್ ಬ್ಯಾಂಕ್ ತುಂಬಿತ್ತು, ಫೋನ್ ತುಂಬಿತ್ತು, ಸಿಗ್ನಲ್ ಮಾತ್ರ ಇರಲಿಲ್ಲ. ಅಡುಗೆಮನೆ ಕಿಟಕಿಯಲ್ಲಿಟ್ಟ ಪುಟ್ಟ ರೇಡಿಯೋ ಎರಡು ಸೆಲ್ಲಿನಲ್ಲಿ ಮಡಿಕೇರಿ ಆಕಾಶವಾಣಿ ಕೊಡುತ್ತಲೇ ಇತ್ತು. ಯಾವ ರಸ್ತೆ ಬಂದ್, ಶಾಲೆಗೆ ರಜೆಯಾ, ಎಲ್ಲ ಅದರಿಂದಲೇ ಗೊತ್ತಾಗಿದ್ದು. ಹಾಗಾಗಿ ನನ್ನ ಮಟ್ಟಿಗೆ ರೇಡಿಯೋ ಬಿಡುವ ಹಾಗಿಲ್ಲ. ಪವರ್ ಬ್ಯಾಂಕ್ 10,000 ಎಂಎಎಚ್‌ನದೇ ಸಾಕು, ಆದರೆ ಲೆಕ್ಕ ತಪ್ಪಬೇಡಿ. ಒಳಗಿನ ಬ್ಯಾಟರಿ 3.7 ವೋಲ್ಟಿನದು, ಫೋನಿಗೆ ಕೊಡುವುದು 5 ವೋಲ್ಟ್. ಬದಲಾಗುವಾಗ ಮೂರನೇ ಒಂದು ಪಾಲಿಗಿಂತ ಜಾಸ್ತಿ ಕರಗುತ್ತದೆ. ನಮ್ಮ 5,000 ಎಂಎಎಚ್ ಫೋನ್ ಒಂದೂಕಾಲು ಸಲ ತುಂಬಿತು, ಎರಡು ಸಲ ಅಲ್ಲ. ಮುಖ್ಯ ನಂಬರುಗಳನ್ನು ಕಾಗದದಲ್ಲೂ ಬರೆದಿದ್ದೇವೆ: ನೆಂಟರದ್ದು, ಪಂಚಾಯಿತಿಯದ್ದು, ಜಿಲ್ಲಾ ಸಹಾಯವಾಣಿ 1077, ತುರ್ತಿಗೆ 112.

ವಿಶಲ್ ಸುಮ್ನೆ ಅಂತ ಅನ್ನಿಸಬಹುದು. ತೋಡು ತುಂಬಿ ಹರಿಯುವಾಗ ತೋಟದ ಮೂಲೆಯಿಂದ ಮಗ ಜೋರಾಗಿ ಕೂಗಿದ, ಮನೆಯಲ್ಲಿ ಒಂದಕ್ಷರ ಕೇಳಲಿಲ್ಲ. ಅಲ್ಲಿಂದಲೇ ಮೂರು ಸಲ ವಿಶಲ್ ಊದಿದ, ಕೊಟ್ಟಿಗೆಯಲ್ಲಿದ್ದ ನನಗೂ ಕೇಳಿಸಿತು. ನಾಲ್ಕೂ ಚೀಲದ ಪಟ್ಟಿಗೆ ಒಂದೊಂದು ಕಟ್ಟಿದ್ದೇವೆ.

ಬೆಂಕಿಪೊಟ್ಟಣ ಥಂಡಿ ಹಿಡಿಯದ ಹಾಗೆ ಮಾತ್ರೆ ಡಬ್ಬಿಯಲ್ಲಿ ಹತ್ತು ಕಾಳು ಅಕ್ಕಿ ಜೊತೆ ಇಟ್ಟಿದ್ದೇವೆ. ಒದ್ದೆ ಸೌದೆ ಹತ್ತಿಸಲು ನಾಲ್ಕು ಬಿಲ್ಲೆ ಕರ್ಪೂರ. ಸಣ್ಣ ನೋಟಿನಲ್ಲಿ ಎರಡು ಸಾವಿರ ರೂಪಾಯಿ ನಗದು, ಏಕೆಂದರೆ ನೆಟ್‌ವರ್ಕ್ ಇಲ್ಲದಾಗ ಅಂಗಡಿಯಲ್ಲಿ ಸ್ಕ್ಯಾನ್ ನಡೆಯುವುದಿಲ್ಲ.

ಮೃಗಶಿರ ಮಳೆ ಹುಟ್ಟುವ ಜೂನ್ ಮೊದಲ ವಾರ ಚೀಲ ತೆಗೆದು ಎಲ್ಲ ಬದಲಾಯಿಸುತ್ತೇವೆ. ಹುರಿಹಿಟ್ಟು ಹೊಸದಾಗಿ ಹುರಿದು ಬೀಸಿಸುವುದು, ಮಾತ್ರೆಗಳ ತಾರೀಖು ನೋಡುವುದು, ಮಗನ ಬಟ್ಟೆ ಒಂದು ಸೈಜ್ ದೊಡ್ಡದು ಹಾಕುವುದು. ಆರೆಂಜ್ ಅಲರ್ಟ್ ಬಂದರೆ ಚೀಲಗಳು ಹಿಂಬಾಗಿಲಿನ ಗೂಟಕ್ಕೆ ಬರುತ್ತವೆ. ರೆಡ್ ಅಲರ್ಟ್, ಅಂದರೆ 24 ಗಂಟೆಯಲ್ಲಿ 204.4 ಮಿಲಿಮೀಟರ್ ದಾಟುವ ಮಳೆಯ ಮುನ್ಸೂಚನೆ ಬಂದರೆ, ಹಗಲಲ್ಲೇ ಅತ್ತೆಯನ್ನು ಮೈದುನನ ಮನೆಗೆ ಕಳಿಸುತ್ತೇವೆ. ತೋಡಿನ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಮಳೆ ಬರುತ್ತಿದ್ದರೂ ನೀರು ಕಡಿಮೆಯಾದರೆ, ಬರೆಯಲ್ಲಿ ಬಿರುಕು ಕಂಡರೆ, ಮರ ವಾಲಿದರೆ ಯಾವ ಅಲರ್ಟಿಗೂ ಕಾಯುವುದಿಲ್ಲ.

ನಮ್ಮವರ ಚೀಲದ ಹೊರ ಜೇಬಿನಲ್ಲಿ ಒಂದು ಮಡಚುವ ಚಾಕು ಇತ್ತು. ಈ ವರ್ಷ ಅದನ್ನು ತೆಗೆದು ಕೊಟ್ಟಿಗೆಯ ಕಂಬದಲ್ಲಿ, ಕೈಗೆಟಕುವ ಎತ್ತರದಲ್ಲಿ, ಒರೆ ಹಾಕಿ ಮೊಳೆಗೆ ನೇತುಹಾಕಿದೆವು. 2018ರಲ್ಲಿ ಪಕ್ಕದೂರಿನ ಒಬ್ಬರಿಗೆ ಹಸುಗಳ ಹಗ್ಗ ಬಿಚ್ಚಲು ಪುರುಸೊತ್ತಾಗಿರಲಿಲ್ಲ. ಒದ್ದೆಯಾದ ಗಂಟು ಬಿಗಿದುಕೊಂಡಿತ್ತಂತೆ. ನಮ್ಮಲ್ಲಿ ಎರಡು ಹಸು, ಒಂದು ಕರು ಇವೆ. ಚೀಲ ಹೆಗಲಿಗೆ ಹಾಕಿಕೊಂಡು ಕೊಟ್ಟಿಗೆಗೆ ಹೋಗಿ ಮೂರು ಹಗ್ಗ ಕತ್ತರಿಸಿ ಮೇಲಿನ ದಾರಿಗೆ ಬರಲು ನಮ್ಮವರಿಗೆ ಎರಡು ನಿಮಿಷ ಹಿಡಿಯಿತು. ಹಳೇ ಹಗ್ಗ ಇಟ್ಟು ಕತ್ತರಿಸಿ ನೋಡಿದ್ದೇವೆ. ಕರುವಿನ ಹಗ್ಗ ತಾನೇ ಕತ್ತರಿಸುತ್ತೇನೆ ಅಂತ ಮಗ ಕೇಳುತ್ತಿದ್ದಾನೆ. ಮುಂದಿನ ಭಾನುವಾರದ ನಡಿಗೆಯಲ್ಲಿ ಅವನಿಗೆ ಕೊಟ್ಟು ನೋಡಬೇಕು.